‘ಇಡಿ’ ಅಂದರೆ ಹಿಡಿ

ನಮ್ಮ ಮನೆಯ ಕನ್ನಡದಲ್ಲಿ ‘ಹ’ ಇಲ್ಲ. ಹೋಗು ಎಂಬುದು ಓಗು, ಹಾಲು ಎಂಬುದು ಆಲು, ಹೂವು ಎಂಬುದು ಊವು. ಸೇಲಂನ ನೇಕಾರರ ಬೀದಿಯಲ್ಲಿ ಹುಟ್ಟಿ, ತಮಿಳು ಶಾಲೆಯಲ್ಲಿ ಓದಿದ ನನಗೆ ಕನ್ನಡ ಅಂದರೆ ಬಾಯಿಂದ ಕಿವಿಗೆ ಹೋಗುವ ಮಾತು, ಅಷ್ಟೇ. ಅದಕ್ಕೊಂದು ಅಕ್ಷರಮಾಲೆ ಇದೆ, ಅದರ ತುದಿಯ ಹತ್ತಿರ ‘ಹ’ ಅನ್ನುವ ಅಕ್ಷರ ಕೂತಿದೆ ಅಂತ ನನಗೆ ಗೊತ್ತಾದದ್ದು ಕಾಲೇಜು ಮುಗಿಸಿ, ಹಟಕ್ಕೆ ಬಿದ್ದು ಓದಲು ಬರೆಯಲು ಕಲಿತ ಮೇಲೆ. ಅಷ್ಟು ಹೊತ್ತಿಗೆ ಆ ಅಕ್ಷರ ಬಾಯಲ್ಲಿ ಇಲ್ಲದ್ದರಿಂದ ಆಗಬೇಕಾದದ್ದು ಆಗಿಹೋಗಿತ್ತು.

ಇದು ನನ್ನ ಮತ್ತು ನನ್ನ ಮಾಮನ ವಿಷಯ. ಮಾಮ ಅಂದರೆ ಅಮ್ಮನ ಕೊನೇ ತಮ್ಮ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಮನೆಯ ಮುಂದಿನ ಕೋಣೆಯಲ್ಲಿ ಅಜ್ಜಿ ಮತ್ತು ಅವನು, ಹಿಂದಿನ ಕೋಣೆಯಲ್ಲಿ ಅಪ್ಪ, ಅಮ್ಮ, ನಾನು, ನಡುವೆ ಅಪ್ಪನ ಗುಂಡಿ ಮಗ್ಗ. ನಾನು ಸೈಕಲ್ ಕಲಿತದ್ದು ಅವನ ಬೈಗುಳ ತಿಂದು, ಈಜು ಕಲಿತದ್ದು ಅವನು ಬಾವಿಗೆ ತಳ್ಳಿದ್ದರಿಂದ. ನಾನು ಅವನನ್ನು ‘ಮಾಮ, ಬಾ ಲಾ’ ಅನ್ನುತ್ತಿದ್ದೆ, ಅವನು ನನ್ನನ್ನು ‘ಲೇ’ ಅನ್ನುತ್ತಿದ್ದ. ನನಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ ಅನ್ನುವುದು ಅವನಿಗೆ ಯಾವತ್ತೋ ಮರೆತುಹೋಗಿತ್ತು.

ಅವನ ಕೆಲಸ ಎಳೆ ಸೇರಿಸುವುದು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಮುಗಿಯುತ್ತಾ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ತಂದು, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ರೇಷ್ಮೆ ಪಂಚೆ ನೇಯುವ ಮಗ್ಗಗಳು ನಮ್ಮ ಬೀದಿಯಲ್ಲಿ ಇನ್ನೂ ಒಂದಷ್ಟು ಉಳಿದಿದ್ದವು, ಎಲ್ಲರಿಗೂ ಅವನೇ ಬೇಕು. ಅವನ ಬೆರಳುಗಳು ಓಡುವುದನ್ನು ಕಣ್ಣಿನಿಂದ ಹಿಂಬಾಲಿಸಲು ಆಗುತ್ತಿರಲಿಲ್ಲ. ಅಂಥ ಬೆರಳಿಗೆ ಒಂದು ಫೋನು ಸಿಕ್ಕಿ, ಆ ಫೋನಿನಲ್ಲಿ ಒಂದು ಗುಂಡು ಹಾರಿಸುವ ಆಟ ಸಿಕ್ಕರೆ ಏನಾಗಬೇಕು? ಅದೇ ಆಯಿತು.

ನಾಲ್ಕು ಜನರ ತಂಡ ನಮ್ಮದು. ಮಾಮ, ನಾನು, ಪಕ್ಕದ ಬೀದಿಯ ಅಣ್ಣ ತಮ್ಮ ಇಬ್ಬರು. ನಾಲ್ವರದೂ ಮನೆಮಾತು ಕನ್ನಡ. ಬೀದಿಗೆ ಬಂದರೆ ತಮಿಳಿನಲ್ಲೇ ಮಾತಾಡುತ್ತಿದ್ದ ನಾವು, ಕನ್ನಡ ಅಂದರೆ ಮುದುಕರ ಮಾತು ಅಂದುಕೊಂಡಿದ್ದ ನಾವು, ಆಟಕ್ಕೆ ಕೂತರೆ ಮಾತ್ರ ಅಚ್ಚ ಕನ್ನಡ. ಯಾಕೆಂದರೆ ಪಂದ್ಯಗಳಲ್ಲಿ ಎದುರಾಳಿ ತಂಡ ಮೇಜಿನ ಆಚೆ ಬದಿಗೇ ಕೂತಿರುತ್ತದೆ. ತಮಿಳಿನಲ್ಲಿ ಕೂಗಿದರೆ ನಮ್ಮ ಗುಟ್ಟೆಲ್ಲ ಅವರಿಗೆ ಗೊತ್ತಾಗುತ್ತದೆ. ‘ಎಡಕ್ಕವ್ನೆ’, ‘ಇಂದ್ಲಿಂದ ಬಂದ’ ಅಂತ ನಾವು ಕಿರುಚಿದರೆ ಅವರು ಪಿಳಿಪಿಳಿ ನೋಡುತ್ತಿದ್ದರು. ಅಜ್ಜಿಯ ಮಾತು ನಮಗೆ ಅಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಆಟ ತಿಳಿಯದವರಿಗೂ ಇಷ್ಟು ಹೇಳಬೇಕು. ಒಂದು ತಂಡ ಬಾಂಬನ್ನು ಹೊತ್ತುಕೊಂಡು ಹೋಗಿ ಗುರುತು ಹಾಕಿದ ಜಾಗದಲ್ಲಿ ಇಡಬೇಕು, ಇನ್ನೊಂದು ತಂಡ ತಡೆಯಬೇಕು. ಬಾಂಬು ಇಡುವಾಗ ಕೆಲವು ಕ್ಷಣ ಕೈಯಲ್ಲಿ ಬಂದೂಕು ಇರುವುದಿಲ್ಲ. ಆಗ ಯಾವನು ಬೇಕಾದರೂ ಬಂದು ಹೊಡೆದುಹಾಕಬಹುದು. ಹಾಗಾಗಿ ಯಾವಾಗ ಇಡಬೇಕು, ಯಾವಾಗ ಹಿಡಿದುಕೊಂಡು ಕಾಯಬೇಕು ಅನ್ನುವುದರಲ್ಲೇ ಸೋಲು ಗೆಲುವು. ಬಾಂಬು ಹೊರುವವನು ಯಾವಾಗಲೂ ಮಾಮ. ಎತ್ತರದಲ್ಲಿ ಕೂತು ನಾಲ್ಕು ದಿಕ್ಕು ನೋಡಿ ಹೇಳುವವಳು ನಾನು.

ನಾನು ‘ಇಡು’ ಅಂದರೆ ಅವನು ಇಡುತ್ತಿದ್ದ. ‘ಇಡಿ’ ಅಂದರೆ ಹಿಡಿದುಕೊಂಡು ಕಾಯುತ್ತಿದ್ದ. ಹಿಡಿ ಎಂಬುದು ನಮ್ಮ ಬಾಯಲ್ಲಿ ಇಡಿ. ಇದರಲ್ಲಿ ಗೊಂದಲವೇ ಇರಲಿಲ್ಲ. ದೊಡ್ಡವರಿಗೆ ಮರ್ಯಾದೆ ಕೊಟ್ಟು ‘ಕೆಳಗೆ ಇಡಿ’ ಅನ್ನಬೇಕಾದರೆ ಮಾತ್ರ ಅದೇ ಮಾತು ತಿರುಗಾಮುರುಗಾ ಆಗುತ್ತದೆ. ನಮ್ಮ ನಾಲ್ವರ ನಡುವೆ ಮರ್ಯಾದೆ ಎಲ್ಲಿತ್ತು? ಲಾ, ಲೇ ಬಿಟ್ಟರೆ ಇನ್ನೊಂದು ಮಾತಿರಲಿಲ್ಲ.

ಆ ಮರ್ಯಾದೆಯನ್ನು ಮನೆಯೊಳಕ್ಕೆ ತಂದವಳು ಅಜ್ಜಿ.

ನಾನು ಆಗ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಒಂದು ಮಧ್ಯಾಹ್ನ ಅಜ್ಜಿ ರಾಟೆ ತಿರುಗಿಸುತ್ತಾ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಾಮ ಮನೆಯಲ್ಲಿಲ್ಲ ಅಂತ ಗೊತ್ತಿಲ್ಲದೆ ನಾನು ಒಳಗಿಂದ ‘ಮಾಮ, ನನ್ ಚಾರ್ಜರ್ ಎತ್ಕೊಂಡೋದ್ಯೇನ್ಲಾ?’ ಅಂತ ಕೂಗಿದೆ. ರಾಟೆ ನಿಂತಿತು.

‘ಇಲ್ಲಿ ಬಾ,’ ಅಂದಳು ಅಜ್ಜಿ. ‘ಇವತ್ತಿಂದ ಅವನ್ನ ಲಾ ಗಿಲಾ ಅನ್ಬ್ಯಾಡ. ನೀವು ಅನ್ನು. ಬನ್ನಿ, ಓಗಿ ಅನ್ನು. ಕಟ್ಕಳ್ಳಾನ್ನ ನೀನು ಅಂದ್ರೆ ಬೀದಿ ಜನ ನಗ್ತಾರೆ.’

‘ಯಾರು ಯಾರನ್ನ ಕಟ್ಕಳ್ಳಾದು?’

‘ಸೋಮವಾರ ಬಿಟ್ಟು ಮುಂದಿನ ಸೋಮವಾರ ದೊಡ್ಡೋರು ಬತ್ತಾರೆ. ತಟ್ಟೆ ಬದ್ಲಾಯ್ಸಿಬಿಡಾನ. ಓದು ಮುಗಿದ್ಮ್ಯಾಕೆ ಕಲ್ಯಾಣ. ಸರಿ ತಾನೆ?’ ಅಂದು ರಾಟೆ ಮತ್ತೆ ತಿರುಗಿಸಿದಳು. ತಟ್ಟೆ ಬದಲಾಯಿಸುವುದು ಅಂದರೆ ನಿಶ್ಚಿತಾರ್ಥ. ಆ ‘ಸರಿ ತಾನೆ’ ಪ್ರಶ್ನೆಯಾಗಿರಲಿಲ್ಲ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಅಕ್ಕನ ಮಗಳನ್ನು ಕಟ್ಟಿಕೊಳ್ಳುವುದು ಮಾಮನ ಹಕ್ಕು. ಅಮ್ಮ ಕಟ್ಟಿಕೊಂಡದ್ದೂ ತನ್ನ ಸೋದರಮಾವನನ್ನೇ. ಹಾಗಾಗಿ ಅಜ್ಜಿ ನನಗೆ ಅಮ್ಮನ ತಾಯಿಯೂ ಹೌದು, ಅಪ್ಪನ ಅಕ್ಕನೂ ಹೌದು. ಎರಡು ಕಡೆಯಿಂದಲೂ ಅವಳ ಮಾತಿಗೆ ಎದುರಿಲ್ಲ. ಚಿಕ್ಕಂದಿನಿಂದ ಬೀದಿಯವರು ‘ನಿನ್ ಗಂಡ ಬಂದ ನೋಡೇ’ ಅಂತ ಕಿಂಡಲ್ ಮಾಡುತ್ತಿದ್ದರು, ನಾನು ಚಪ್ಪಲಿ ಎಸೆಯುತ್ತಿದ್ದೆ, ಮಾಮ ನನಗಿಂತ ಮೊದಲು ಎಸೆಯುತ್ತಿದ್ದ. ಅದು ತಮಾಷೆ ಅಂತಲೇ ನಾವಿಬ್ಬರೂ ತಿಳಿದಿದ್ದೆವು. ಕನಿಷ್ಠ ನಾನು ಹಾಗೆ ತಿಳಿದಿದ್ದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಸ್ಸಿನಲ್ಲಿ ಮೈಗೆ ಮೈ ತಾಗಿಸಿದವನ ಕೆನ್ನೆಗೆ ಬಾರಿಸಿದವಳು, ಪ್ರಿನ್ಸಿಪಾಲರ ಕೋಣೆಗೆ ಹೋಗಿ ಜಗಳ ಆಡಿ ಬಂದವಳು ನಾನು. ಆದರೆ ಅವತ್ತು ‘ಬೇಡ’ ಅನ್ನುವ ಒಂದು ಮಾತು ಗಂಟಲಿನಿಂದ ಈಚೆ ಬರಲಿಲ್ಲ. ಅಮ್ಮನನ್ನು ನೋಡಿದೆ, ಅವಳು ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ಕೂತವನು ಕೇಳಿಸಿಯೂ ಕೇಳಿಸದಂತೆ ಲಾಳಿ ಎಳೆದ. ಮಾಮನೇ ಬೇಡ ಅನ್ನುತ್ತಾನೆ ಬಿಡು ಅಂದುಕೊಂಡೆ. ಗಂಡಸು ಬೇಡ ಅಂದರೆ ಒಂದು ದಿನದ ಗಲಾಟೆ, ಹುಡುಗಿ ಬೇಡ ಅಂದರೆ ಹತ್ತು ವರ್ಷದ ಪಂಚಾಯ್ತಿ. ಅವನು ಸಂಜೆ ಬಂದು, ನಕ್ಕು, ‘ಇವಳ್ನ ಕಟ್ಕಂಡು ನಾನು ಸಾಯ್ಲಾ?’ ಅನ್ನುತ್ತಾನೆ, ಎಲ್ಲ ಮುಗಿಯುತ್ತದೆ.

ಅವನು ಸಂಜೆ ಬಂದ. ಅಜ್ಜಿ ಹೇಳಿದಳು. ಅವನು ಅಂಗಿ ಕಳಚಿ ಗೂಟಕ್ಕೆ ಸಿಕ್ಕಿಸಿದ. ಕೈಕಾಲು ತೊಳೆಯಲು ಹೋದ.

ಸರಿ, ಹಾಗಾದರೆ ನಾನೇ ನಗಿಸಿ ಕೆಡಿಸುತ್ತೇನೆ ಅಂತ ಶುರು ಮಾಡಿದೆ. ಅಜ್ಜಿಯ ಮುಂದೆ ಸೆರಗಿಲ್ಲದ ಚೂಡಿದಾರಕ್ಕೆ ಸೆರಗು ಹೊದ್ದುಕೊಂಡವಳ ಹಾಗೆ ನಾಟಕ ಮಾಡಿ, ‘ಮಾಮನೋರೇ, ಬನ್ನಿ, ಕೂತ್ಕಳಿ, ತಟ್ಟೆ ಇಲ್ಲಿಡಿ, ಇನ್ನೊಸಿ ಸಾರು ಆಕ್ಸ್ಕಳಿ’ ಅನ್ನುತ್ತಿದ್ದೆ. ಮೊದಲೆರಡು ದಿನ ಅವನು ನಕ್ಕ, ನನ್ನ ತಲೆಗೆ ಮೊಟಕಿದ. ಅಜ್ಜಿಗೂ ಖುಷಿ, ಹುಡುಗಿ ದಾರಿಗೆ ಬಂದಳು ಅಂತ. ಆಮೇಲೆ ಒಂದು ದಿನ ನಾನು ‘ತಟ್ಟೆ ಇಡಿ’ ಅಂದಾಗ ಅವನು ನಗಲಿಲ್ಲ. ತಟ್ಟೆಯನ್ನು ಮೆಲ್ಲಗೆ ಇಟ್ಟ. ‘ಸಾರು ಚೆನ್ನಾಗೈತೆ’ ಅಂದ, ನೆಲ ನೋಡಿಕೊಂಡು. ಇಪ್ಪತ್ತು ವರ್ಷದಲ್ಲಿ ಆ ಬಾಯಿಂದ ಸಾರು ಚೆನ್ನಾಗಿದೆ ಅನ್ನುವ ಮಾತು ಬಂದದ್ದು ನಾನು ಕೇಳಿರಲಿಲ್ಲ.

ಅಯ್ಯೋ ದೇವರೇ, ಇವನು ನಿಜ ಅಂದುಕೊಂಡಿದ್ದಾನೆ.

ದೊಡ್ಡವರು ಬರುವ ಸೋಮವಾರದ ಹಿಂದಿನ ದಿನ, ಭಾನುವಾರ, ಧರ್ಮಪುರಿಯಲ್ಲಿ ಪಂದ್ಯ ಇತ್ತು. ಆ ಕಡೆಯ ಯಾವುದೋ ಹುಡುಗರ ಸಂಘ ಒಂದು ಕಲ್ಯಾಣ ಮಂಟಪ ಹಿಡಿದು ನಡೆಸುತ್ತಿದ್ದದ್ದು. ಹೋಗುವ ದಾರಿಯಲ್ಲಿ ಅವನಿಗೆ ಹೇಳಿಬಿಡಬೇಕು ಅಂತ ತೀರ್ಮಾನಿಸಿದೆ. ಮನೆಯಲ್ಲಿ ಗೋಡೆಗೂ ಕಿವಿ. ಅವನಿಗೆ ಮೊದಲು ಹೇಳಬೇಕು, ನಾಲ್ಕು ಜನರ ಮುಂದೆ ಅವನ ಮುಖ ಸಣ್ಣದಾಗಬಾರದು. ನಾಳೆ ಅವನು ‘ಬೇಕು’ ಅಂದುಬಿಟ್ಟರೆ ನನ್ನ ಕತೆ ಮುಗಿಯಿತು, ಆಮೇಲೆ ನಾನು ಕೂಗಿದರೂ ಕಿರುಚಿದರೂ ಯಾರೂ ಕೇಳುವುದಿಲ್ಲ ಅಂತಲೂ ಗೊತ್ತಿತ್ತು.

ಬಸ್ಸು ಹತ್ತಿದೆವು. ಅಣ್ಣ ತಮ್ಮ ಇಬ್ಬರೂ ಬಂದು ನಮ್ಮ ಪಕ್ಕಕ್ಕೇ ಅಂಟಿಕೊಂಡು ಕೂತರು. ಯಾವ ಮೂಲೆಯಲ್ಲಿ ಯಾರು ನಿಲ್ಲಬೇಕು, ಹೊಗೆ ಯಾವಾಗ ಹಾಕಬೇಕು, ಅದೇ ಮಾತು. ತೊಪ್ಪೂರಿನ ಘಟ್ಟ ಹತ್ತುವಾಗ ಹೇಳೋಣ ಅಂದುಕೊಂಡೆ, ಬಸ್ಸಿನ ಸದ್ದಿಗೆ ಕೇಳಿಸಲ್ಲ ಅಂತ ಬಿಟ್ಟೆ. ಟೋಲ್ ದಾಟಿದ ಮೇಲೆ ಹೇಳೋಣ ಅಂದುಕೊಂಡೆ, ಆಗ ಅವನು ತನ್ನ ಬ್ಯಾಗಿನಿಂದ ಒಂದು ಕವರ್ ತೆಗೆದು ನನ್ನ ಕೈಗಿಟ್ಟ. ಒಳಗೆ ಬೆರಳಿಗೆ ಹಾಕುವ ಟೋಪಿಗಳು. ಆಡುವಾಗ ಹೆಬ್ಬೆರಳು ಬೆವತು ಪರದೆಯ ಮೇಲೆ ಜಾರದಿರಲಿ ಅಂತ, ಪಂಚೆಯ ಉಳಿಕೆ ರೇಷ್ಮೆಯಲ್ಲಿ ಅವನೇ ಹೊಲಿದಿದ್ದ. ‘ನಿನ್ ಅಳತೆಗೇ ಮಾಡಿವ್ನಿ ಲೇ,’ ಅಂದ. ಒಂದನ್ನು ಹೆಬ್ಬೆರಳಿಗೆ ಹಾಕಿ ನೋಡಿದೆ, ಸರಿಯಾಗಿ ಕೂತಿತು. ಏನು ಹೇಳಲಿ?

ಮಂಟಪದಲ್ಲಿ ಹಿಂದಿನ ದಿನದ ಮದುವೆಯ ಹೂವು ಇನ್ನೂ ವೇದಿಕೆಯಿಂದ ಇಳಿಸಿರಲಿಲ್ಲ. ವಧೂವರರ ಕುರ್ಚಿಗಳನ್ನು ಬದಿಗೆ ಸರಿಸಿ ಮೇಜು ಹಾಕಿದ್ದರು. ಫೋನುಗಳ ಬಿಸಿ, ಬೆವರು, ಯಾರೋ ತಂದ ಬಿರಿಯಾನಿಯ ವಾಸನೆ. ಬಂದವರೆಲ್ಲ ಹುಡುಗರೇ. ನಾನು ವೇದಿಕೆ ಹತ್ತಿದಾಗ ಒಂದಿಬ್ಬರು ಸಿಳ್ಳೆ ಹೊಡೆದರು. ಮಾಮ ತಿರುಗಿ ನೋಡಿದ, ಸಿಳ್ಳೆ ನಿಂತಿತು. ಅವನು ನೋಡಿದ ರೀತಿಯೂ ಬೇರೆಯಾಗಿತ್ತು. ಮೊದಲೆಲ್ಲ ‘ಏಯ್, ನನ್ ಅಕ್ಕನ್ ಮಗ್ಳು’ ಅನ್ನುವ ಹಾಗೆ ನೋಡುತ್ತಿದ್ದ. ಇದು ಹಾಗಿರಲಿಲ್ಲ.

ಒಂದಾದ ಮೇಲೆ ಒಂದು ಪಂದ್ಯ ಗೆದ್ದೆವು. ಗೆಲ್ಲುತ್ತಾ ಹೋದ ಹಾಗೆ ನನಗೆ ಹೆದರಿಕೆ ಹೆಚ್ಚುತ್ತಾ ಹೋಯಿತು. ಗೆದ್ದ ಖುಷಿಯಲ್ಲಿ ಇವನಿಗೆ ಹೇಗೆ ಹೇಳುವುದು? ಸೋತರೆ ಸೋತ ಬೇಜಾರಿನಲ್ಲಿ ಹೇಗೆ ಹೇಳುವುದು? ಆಟ ನನ್ನ ಕಣ್ಣ ಮುಂದೆ ನಡೆಯುತ್ತಿತ್ತು, ತಲೆಯಲ್ಲಿ ಸೋಮವಾರ ನಡೆಯುತ್ತಿತ್ತು.

ಫೈನಲ್ ಸಮಸಮ ಬಂದು ಕೊನೆಯ ಸುತ್ತಿಗೆ ನಿಂತಿತು. ಎದುರಿಗೆ ಒಂದು ಕಾಲೇಜಿನ ತಂಡ, ಗಟ್ಟಿಗರು. ಬಾಂಬು ನಮ್ಮ ಕೈಯಲ್ಲಿ, ಅಂದರೆ ಮಾಮನ ಕೈಯಲ್ಲಿ. ಶುರುವಿಗೇ ಅಣ್ಣ ಸತ್ತ, ಅವನ ಹಿಂದೆಯೇ ತಮ್ಮನೂ ಸತ್ತ. ಅವರ ಕಡೆ ಉಳಿದವನು ಒಬ್ಬನೇ ಒಬ್ಬ. ನಾನು ಒಂದು ಕಟ್ಟಡದ ಮಾಳಿಗೆಯ ಮೇಲೆ ಮಲಗಿದ್ದೆ. ಮಾಮ ಬಾಂಬು ಇಡುವ ಜಾಗಕ್ಕೆ ಬಂದು, ಡ್ರಮ್ಮುಗಳ ಸಾಲಿನ ಹಿಂದೆ ಕೂತ. ಸಮಯ ಇನ್ನೂ ಇತ್ತು.

‘ಇಡ್ಲಾ?’ ಅಂತ ಕೇಳಿದ.

ಅಷ್ಟರಲ್ಲಿ ನನಗೆ ಕಂಡಿತು. ಡ್ರಮ್ಮುಗಳ ಆಚೆ, ಮುರಿದ ಬಾಗಿಲ ಸಂದಿಯಲ್ಲಿ ಬಂದೂಕಿನ ತುದಿ. ಅವನು ಕಾಯುತ್ತಿದ್ದಾನೆ. ಮಾಮ ಬಾಂಬು ಇಡಲು ಬಂದೂಕು ಬಿಡುವುದನ್ನೇ ಕಾಯುತ್ತಿದ್ದಾನೆ. ನಾನಿದ್ದ ಕಡೆಯಿಂದ ಅವನಿಗೆ ಗುಂಡು ತಾಗುವುದಿಲ್ಲ. ಜಾಗ ಬದಲಿಸಲು ಒಂದೆರಡು ಉಸಿರಿನಷ್ಟು ಹೊತ್ತು ಬೇಕು. ಅಷ್ಟು ಹೊತ್ತು ಮಾಮ ಹಿಡಿದುಕೊಂಡರೆ ಸಾಕು, ಗೆದ್ದೆವು.

‘ಇಡಿ!’ ಅಂತ ಕಿರುಚಿದೆ. ‘ಇಡಿ, ಮಾಮ, ಇಡಿ!’

ಅವನು ಬಂದೂಕು ಬಿಟ್ಟು ಬಾಂಬು ಇಡಲು ಬಗ್ಗಿದ.

ಬಾಗಿಲ ಸಂದಿಯಿಂದ ಒಂದೇ ಗುಂಡು. ನಾನು ಏಳುವಷ್ಟರಲ್ಲಿ ಅವನು ಇತ್ತ ತಿರುಗಿ ನನ್ನನ್ನೂ ಮುಗಿಸಿದ. ಮೈಕಿನವನು ‘ಮುಡಿಂಜುದು, ಮುಡಿಂಜುದು!’ ಅಂತ, ಮುಗಿಯಿತು ಅಂತ, ತಮಿಳಿನಲ್ಲಿ ಕೂಗಿದ. ಮಂಟಪವೆಲ್ಲ ಎದ್ದು ನಿಂತು ಕಿರುಚಿತು.

‘ಏನ್ಲಾ ಮಾಡ್ದೆ?’ ಅಂತ ಅಣ್ಣ ಮಾಮನ ಮೇಲೆ ಹಾರಿದ. ‘ಇಡಿ ಅಂದ್ರೆ ಇಡ್ಕೊಂಡಿರು ಅಂತ ಅಲ್ವಾ? ಇಷ್ಟು ದಿನ ಆಡಿರಾದು ಏನು?’

ಮಾಮ ನನ್ನ ಕಡೆ ನೋಡಲಿಲ್ಲ. ಅವನ ಕಿವಿ ಕೆಂಪಗಾಗಿತ್ತು. ‘ನಂಗೆ ಬ್ಯಾರೆ ತರ ಕೇಳುಸ್ತು,’ ಅಂದ.

‘ಬ್ಯಾರೆ ತರ ಎಂಗೆ ಕೇಳ್ತೈತೆ?’ ಅಂದ ಅಣ್ಣ ನನ್ನ ಕಡೆ ತಿರುಗಿದ. ‘ನಿಂಗೇನಾಗಿತ್ತು? ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ವಾ? ಬ್ಯಾಡ ಅಂತ ಒಂದು ಮಾತು ಅಂದಿದ್ರೆ ಮುಗ್ದೋಗ್ತಿತ್ತಲ್ಲ!’

ಆ ಮಾತಿಗೆ ನಾನು ತಿರುಗಿ ಬಯ್ಯಲಿಲ್ಲ. ನನ್ನ ಬಗ್ಗೆ ಗೊತ್ತಿದ್ದ ತಮ್ಮ ಹೆದರಿಕೊಂಡು ‘ಬಿಡಣ್ಣ, ಅಳ್ತಾಳೆ’ ಅಂದ. ನಾನು ಅಳುತ್ತಿರಲಿಲ್ಲ. ಮಾಮನ ಕೆಂಪು ಕಿವಿಯನ್ನು ನೋಡುತ್ತಿದ್ದೆ. ಅವನಿಗೆ ಹೇಗೆ ಕೇಳಿಸಿತು ಅಂತ ನನಗೆ ಅರ್ಥವಾಗಿತ್ತು. ತಟ್ಟೆ ಇಡಿ ಅಂದಂತೆ ಕೇಳಿಸಿತ್ತು. ನೀವು ಇಡಿ ಅಂತ, ಗಂಡನಿಗೆ ಅಂದಂತೆ. ನೂರಾರು ಸಲ ಆಡಿದ ಆಟದ ಮಾತು ಅವನ ಕಿವಿಯಲ್ಲಿ ಆ ಎರಡು ವಾರದಲ್ಲಿ ಬದಲಾಗಿಹೋಗಿತ್ತು.

ಅಣ್ಣ ತಮ್ಮ ಇಬ್ಬರೂ ಪಾಲಕೋಡಿನ ಅತ್ತೆಯ ಮನೆಗೆ ಹೋದರು. ಸೋತ ಮೇಲೆ ನಮ್ಮ ಮುಖ ನೋಡುವುದು ಅವರಿಗೂ ಬೇಕಿರಲಿಲ್ಲ. ಸೇಲಂ ಬಸ್ಸಿನಲ್ಲಿ ನಾವಿಬ್ಬರೇ, ಕಿಟಕಿಯ ಪಕ್ಕ ನಾನು, ಆಚೆ ತುದಿಗೆ ಅವನು, ಮಧ್ಯೆ ಬ್ಯಾಗು. ಬಿಸಿಲು ಇಳಿಯುತ್ತಿತ್ತು. ತೊಪ್ಪೂರು ಬಂತು. ಘಟ್ಟ ಇಳಿಯುವಾಗ ಮುಂದೆ ಲಾರಿಗಳ ಸಾಲು, ಬಸ್ಸು ಬ್ರೇಕು ಒತ್ತಿ ಒತ್ತಿ ಇಳಿಯುತ್ತಿತ್ತು, ಸುಟ್ಟ ರಬ್ಬರಿನ ವಾಸನೆ ಒಳಗೆಲ್ಲ ತುಂಬಿತ್ತು.

‘ಯಾವ ಇಡಿ ಅಂದೆ ನೀನು?’ ಅಂತ ಕೇಳಿದ, ಮುಂದಿನ ಸೀಟಿನ ಬೆನ್ನು ನೋಡಿಕೊಂಡು.

ಈಗ ಸುಳ್ಳು ಹೇಳಿದರೆ ಸುಲಭವಿತ್ತು. ಗಾಬರಿಯಲ್ಲಿ ಏನೋ ಅಂದೆ ಮಾಮ ಅಂದಿದ್ದರೆ ಅವನು ನಂಬುತ್ತಿದ್ದ.

‘ನಿಂಗೆ ಅಂದೆ,’ ಅಂದೆ. ‘ನಿಮ್ಗೆ ಅನ್ಲಿಲ್ಲ.’

ಅವನು ಮಧ್ಯದ ಬ್ಯಾಗಿನ ಜಿಪ್ಪು ಎಳೆದು ಮುಚ್ಚಿದ. ‘ಮನೇಲಿ ಬನ್ನಿ, ಕೂತ್ಕಳಿ ಅಂತಿದ್ದಲ್ಲ?’

‘ಕಿಂಡಲ್ ಮಾಮ ಅದು. ನೀನೂ ನಗ್ತೀಯ ಅಂತ ಮಾಡ್ತಿದ್ದೆ.’

‘ನಂಗೆ ಕಿಂಡಲ್ ಅನ್ನುಸ್ಲಿಲ್ಲ.’

ಇನ್ನು ತಡ ಮಾಡಿದರೆ ನಾನು ಸತ್ತೆ. ‘ಮಾಮ, ಈ ಕಲ್ಯಾಣ ನಂಗೆ ಬ್ಯಾಡ. ಅವತ್ತೇ ಏಳ್ಬೇಕಿತ್ತು, ಬಾಯಿ ಬರ್ಲಿಲ್ಲ.’

‘ಇನ್ಯಾವನಾದ್ರೂ ಅವ್ನಾ?’

‘ಯಾವನೂ ಇಲ್ಲ. ನಿನ್ ಮ್ಯಾಲೆ ನಂಗೆ ಪ್ರಾಣ ಮಾಮ. ಆದ್ರೆ ನೀನು ನನ್ ಮಾಮ. ಅಷ್ಟೇ.’

‘ಮಾಮ ಅಂತ್ಲೇ ತಾನೆ ಕೊಡ್ತಿರಾದು?’ ಅಂದ.

ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಮಾಮ ಅನ್ನುವಾಗ ಒಂದು ಅರ್ಥ, ಬೀದಿಗೆಲ್ಲ ಇನ್ನೊಂದು ಅರ್ಥ, ಅವನು ಬೀದಿಯ ಮಾತನ್ನು ನಂಬಿದ್ದ. ಬಸ್ಸು ಒಮ್ಮೆ ಜೋರಾಗಿ ಬ್ರೇಕು ಹಾಕಿತು, ನಾನು ಮುಗ್ಗರಿಸಿದೆ. ಬೇರೆ ಯಾವಾಗಲಾದರೂ ಆಗಿದ್ದರೆ ಕೈ ಅಡ್ಡ ಹಿಡಿಯುತ್ತಿದ್ದ, ‘ಕಣ್ ಕಾಣ್ಸಲ್ವಾ ಲೇ’ ಅನ್ನುತ್ತಿದ್ದ. ಅವತ್ತು ಕೈ ಎತ್ತಿದವನು ಅರ್ಧಕ್ಕೇ ನಿಲ್ಲಿಸಿದ. ಸೇಲಂನಲ್ಲಿ ಇಳಿಯುವಾಗ ‘ನಾಳೀಕೆ ನೋಡಾನ’ ಅಂದ, ಅಷ್ಟೇ. ಆ ‘ನೋಡಾನ’ ಏನು ಅಂತ ತಿಳಿಯದೆ ನಾನು ಮನೆಯವರೆಗೆ ಅವನ ಹಿಂದೆ ಹಿಂದೆಯೇ ನಡೆದೆ.

ಬೆಳಿಗ್ಗೆ ಮಗ್ಗದ ಪಕ್ಕ ಚಾಪೆ ಹಾಸಿದರು. ಒಂದೇ ಮನೆಯ ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ತಟ್ಟೆ ಬದಲಾಯಿಸುವ ಶಾಸ್ತ್ರ! ನಗಬೇಕೋ ಅಳಬೇಕೋ. ಬೀದಿಯ ದೊಡ್ಡವರು ಇಬ್ಬರು ಬಂದು ಗೋಡೆಗೆ ಒರಗಿ ಕೂತರು. ಅಮ್ಮ ನನ್ನ ತಲೆಗೆ ಮಲ್ಲಿಗೆ ಮುಡಿಸುತ್ತಿದ್ದಳು. ‘ಅಮ್ಮ, ನಂಗೆ ಬ್ಯಾಡ,’ ಅಂದೆ ಅವಳ ಕಿವಿಯಲ್ಲಿ. ಅವಳು ಹೂವಿನ ದಾರಕ್ಕೆ ಗಂಟು ಹಾಕಿದಳು, ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಆಮೇಲೆ ನನ್ನ ಭುಜವನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಹೊರಗೆ ಹೋದಳು.

ಮಾಮ ಬಿಳಿ ಪಂಚೆ ಉಟ್ಟು ಕೂತಿದ್ದ. ಅಪ್ಪನೇ ನೇಯ್ದದ್ದು. ಅವನ ಮುಖದಲ್ಲಿ ಏನೂ ಓದಲು ಆಗಲಿಲ್ಲ. ನಾನು ನೋಡಿದೆ, ಅವನು ನೋಡಲಿಲ್ಲ.

ದೊಡ್ಡವರಲ್ಲಿ ಒಬ್ಬರು ಎಲೆ ಅಡಿಕೆ ಸರಿಮಾಡುತ್ತಾ ಅಪ್ಪನನ್ನು ನೋಡಿ, ‘ಉಡ್ಗಿಗೆ ಒಪ್ಗೆ ತಾನೆ?’ ಅಂದರು. ಅದೂ ಶಾಸ್ತ್ರದ ಮಾತೇ, ಉತ್ತರ ಬೇಕಾಗಿರಲಿಲ್ಲ. ಅಪ್ಪ ತಲೆ ಆಡಿಸಲು ಶುರು ಮಾಡಿದ.

‘ನಂಗೆ ಬ್ಯಾಡ,’ ಅಂದೆ.

ಜೋರಾಗಿಯೇ ಅಂದೆ ಅನ್ನಿಸುತ್ತದೆ, ಪಕ್ಕದ ಮನೆಯ ಮಗ್ಗ ನಿಂತಿತು. ಅಪ್ಪನ ತಲೆ ಅಲ್ಲೇ ನಿಂತಿತು. ಅಜ್ಜಿ ಮಾತ್ರ ಹೆದರಲಿಲ್ಲ. ‘ಬಾಯ್ ಮುಚ್ಚೇ’ ಅಂದು, ದೊಡ್ಡವರ ಕಡೆ ತಿರುಗಿ ನಕ್ಕಳು. ‘ಉಡುಗಾಟ. ನಾಚ್ಕೆ. ನಾನೂ ಅಂಗೇ ಅಂದಿದ್ದೆ, ಇವಳಮ್ಮಾನೂ ಅಂಗೇ ಅಂದಿದ್ಲು. ಉಡ್ಗೀರು ಬ್ಯಾಡ ಅಂದ್ರೆ ಬೇಕು ಅಂತ.’

ದೊಡ್ಡವರೂ ನಕ್ಕರು. ಬೇಡ ಅಂದದ್ದೂ ಬೇಕು ಅಂತ ಆಗುವುದಾದರೆ ಇನ್ನು ಯಾವ ಮಾತು ಉಳಿಯಿತು ನನಗೆ? ಅಮ್ಮನನ್ನು ನೋಡಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

‘ನೀನು ಏಳಪ್ಪ,’ ಅಂದರು ದೊಡ್ಡವರು ಮಾಮನಿಗೆ.

ನಮ್ಮಲ್ಲಿ ಹೇಳು ಎಂಬುದೂ ಏಳು, ಎದ್ದೇಳು ಎಂಬುದೂ ಏಳು. ಅವನು ಎರಡನ್ನೂ ಮಾಡಿದ. ಎದ್ದು ನಿಂತ. ಎಳೆ ಸೇರಿಸುವ ಕೈ ಎರಡನ್ನೂ ಏನು ಮಾಡಬೇಕೆಂದು ತಿಳಿಯದೆ ಪಂಚೆಗೆ ಒರೆಸಿಕೊಂಡ. ಈಗ ಇವನು ಒಂದು ಮಾತು ಅಂದರೆ ಮುಗಿಯಿತು, ನನ್ನ ಓದು, ನನ್ನ ಬಾಯಿ, ಎಲ್ಲ ಮುಗಿಯಿತು ಅಂತ ನಾನು ಕಣ್ಣು ಮುಚ್ಚಿದೆ.

‘ಅವಳು ಬ್ಯಾಡ ಅಂದ್ಲಲ್ಲ,’ ಅಂದ ಮಾಮ. ‘ಕೇಳುಸ್ಲಿಲ್ವಾ ನಿಮ್ಗೆ?’

‘ಲೋ, ಅದು...’ ಅಂದಳು ಅಜ್ಜಿ.

‘ಬ್ಯಾಡ ಅಂದ್ರೆ ಬ್ಯಾಡಾನೇ ಅವ್ವ. ಆ ಮಾತ್ಗೆ ಎಲ್ಡು ಅರ್ಥ ಇಲ್ಲ. ನಾನು ಕೇಳಿ ತಿಳ್ಕೊಂಡಿವ್ನಿ.’

ಅವನ ದನಿ ಗಟ್ಟಿಯಾಗಿರಲಿಲ್ಲ. ಕೊನೆಯಲ್ಲಿ ಒಡೆಯಿತು ಕೂಡ. ಅಜ್ಜಿ ಕೂಗಾಡಲು ಶುರು ಮಾಡಿದಳು, ದೊಡ್ಡವರು ಎಲೆ ಅಡಿಕೆ ಬದಿಗೆ ಸರಿಸಿದರು, ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಮಾಮ ಯಾರನ್ನೂ ನೋಡದೆ ಹೊಸಿಲು ದಾಟಿ ಚಪ್ಪಲಿ ಮೆಟ್ಟಿದ. ನಾನು ಅವರೆಲ್ಲರನ್ನೂ ಬಿಟ್ಟು ಬೀದಿಗೆ ಓಡಿದೆ. ಖುಷಿಯಾಗಿತ್ತು ನನಗೆ, ಸುಳ್ಳು ಯಾಕೆ ಹೇಳಲಿ? ಎದೆಯ ಮೇಲಿನ ಕಲ್ಲು ಇಳಿದಿತ್ತು. ಅವನನ್ನು ಹಿಡಿದು ಕುಣಿಯಬೇಕು ಅನ್ನಿಸಿತು, ನೀನು ಬಂಗಾರ ಕಣ್ಲಾ ಅನ್ನಬೇಕು ಅನ್ನಿಸಿತು.

‘ಮಾಮ!’ ಅಂತ ಕೂಗಿದೆ.

ಅವನು ನಿಂತ. ಅರ್ಧ ತಿರುಗಿದ. ಕಣ್ಣು ಒದ್ದೆಯಾಗಿತ್ತು.

‘ಒಳಕ್ಕೋಗಿ,’ ಅಂದ. ‘ಎಲ್ರೂ ನೋಡ್ತಾವ್ರೆ. ಒಳಕ್ಕೋಗಿ ನೀವು.’

ನಾನು ಹಿಂದೆ ತಿರುಗಿ ನೋಡಿದೆ, ಅಮ್ಮನೋ ಯಾರೋ ನನ್ನ ಬೆನ್ನಿಗೆ ನಿಂತಿರಬೇಕು ಅಂತ. ಯಾರೂ ಇರಲಿಲ್ಲ. ನನಗೇ ಅಂದದ್ದು. ನಾನು ಮತ್ತೆ ಇತ್ತ ತಿರುಗುವಷ್ಟರಲ್ಲಿ ಅವನು ಬೀದಿಯ ಕೊನೆ ದಾಟಿದ್ದ.

ಅವನು ಮೆಟ್ಟೂರಿನ ಕಡೆ ಕೆಲಸ ಹಿಡಿದ, ಅಲ್ಲಿಯೇ ಮದುವೆಯಾದ, ಒಂದು ಮಗುವೂ ಇದೆ. ನಮ್ಮ ತಂಡ ಅವತ್ತಿಗೇ ಮುಗಿಯಿತು. ನಾನು ಓದು ಮುಗಿಸಿದೆ, ಕೆಲಸಕ್ಕೆ ಸೇರಿದೆ, ಇವತ್ತಿಗೂ ಅವತ್ತು ಬೇಡ ಅಂದದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಿಲ್ಲ. ಅಜ್ಜಿಯ ಔಷಧಿಯ ವಿಚಾರಕ್ಕೆ ತಿಂಗಳಿಗೊಮ್ಮೆ ಅವನೇ ಫೋನ್ ಮಾಡುತ್ತಾನೆ. ‘ಚೆನ್ನಾಗಿದ್ದೀರಾ?’ ಅನ್ನುತ್ತಾನೆ. ಚೆನ್ನಾಗಿದ್ದೀನಿ ಮಾಮ ಅನ್ನುತ್ತೇನೆ.